ಜೋಗಯ್ಯನ ಅಟ್ಟದ ಹುಚ್ಚೆಳ್ಳು

ಕವಣೆಗುಡ್ಡ,
ಹದಿಮೂರನೆಯ ತಿಂಗಳ ಮೊದಲ ದಿನ, ನಿಮ್ಮ ಎಣಿಕೆಯಲ್ಲಿ 2219.

ರೇಣುಕಾಂಬ ಮೇಡಂ ಅವರಿಗೆ, ಇರುಪಿ ಬರೆಯುವುದು.

ನೀವು ಹನ್ನೆರಡು ತಿಂಗಳಿಗೇ ವರ್ಷ ಮುಗಿಸಿದವರು. ಮಳೆಗಾಲ ಎರಡಾಗಿ ಒಡೆದ ಮೇಲೆ ನಾವು ಒಂದು ತಿಂಗಳು ಸೇರಿಸಿಕೊಳ್ಳಬೇಕಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತೆ. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ಓದುವುದನ್ನು ಮಾತ್ರ ನಿಲ್ಲಿಸಬೇಡಿ. ಈ ಕಾಗದ ನಿಮ್ಮನ್ನು ತಲುಪುತ್ತದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಯಾರಿಗೆ ಬರೆಯಬೇಕೆಂಬುದೂ ಗೊತ್ತಿಲ್ಲ.

ಗಾಂಜಾ ಬಿಡಿಸಿ ಬೇರೆ ಬೆಳೆ ಹಿಡಿಸಲು ನೀವು ಜೀಪಿನಲ್ಲಿ ಹತ್ತಿ ಬರುತ್ತೀರಲ್ಲ, ಅದೇ ಗುಡ್ಡದಲ್ಲಿ ನಾನಿದ್ದೇನೆ. ಈಗ ಇಲ್ಲಿ ಗಾಂಜಾ ಇಲ್ಲ, ಮಂಪುಬಳ್ಳಿ ಇದೆ. ಅದರ ಎಲೆಯ ರಸ ಒಂದು ಹನಿ ನಾಲಿಗೆಗೆ ತಾಕಿದರೆ ಇಡೀ ಒಂದು ದಿನ ಮರೆತುಹೋಗುತ್ತದಂತೆ. ಕೆಳನಾಡಿನವರು ಅದಕ್ಕಾಗಿಯೇ ಕೊಳ್ಳುತ್ತಾರೆ. ಎಲೆ ಬಿಡಿಸುವ ನಮ್ಮ ಬೆರಳುಗಳು ಮರಗಟ್ಟಿಹೋಗುತ್ತವೆ. ಒಲೆಯಿಂದ ಇಳಿಸಿದ ಪಾತ್ರೆ ಸುಡುತ್ತಿದೆಯೇ ಎಂದು ಮಕ್ಕಳನ್ನು ಕರೆದು ಕೇಳುತ್ತೇವೆ. ಮದುವೆಯಲ್ಲಿ ಹೆಣ್ಣಿಗೆ ಅರಿಸಿನ ಹಚ್ಚುವಾಗ ಕೈ ಕೆನ್ನೆಗೆ ತಾಕಿತೋ ಇಲ್ಲವೋ ಎಂಬುದನ್ನು ಕಣ್ಣಿನಿಂದಲೇ ತಿಳಿಯಬೇಕು. ಬಳ್ಳಿ ಕೊಳ್ಳುವವನು ಮನೆಯ ಬಾಗಿಲಿಗೇ ಬರುತ್ತಾನೆ. ರಾಗಿ ಬೆಳೆದರೆ ತೂಗುಗಾಡಿಯವರೆಗೆ ತಲೆಯ ಮೇಲೆ ಹೊರಬೇಕು. ಕಣಿವೆಯ ಮೇಲೆ ಹಗ್ಗದಲ್ಲಿ ಓಡುವ ಪೆಟ್ಟಿಗೆ ಅದು, ಕೆಳಗಿನವರಿಗೆ ಮನಸ್ಸಾದ ದಿನ ಮಾತ್ರ ಓಡುತ್ತದೆ. ಆಕಾಶದಲ್ಲಿ ಮೂಸುಹಕ್ಕಿಗಳು, ಎಂದರೆ ಹೊಲದಲ್ಲಿ ನಿಷೇಧಿತ ಬಳ್ಳಿಯ ವಾಸನೆ ಹಿಡಿಯುವ ಸರ್ಕಾರಿ ಯಂತ್ರಗಳು, ಸುತ್ತುತ್ತಿರುತ್ತವೆ. ಕಳೆದ ಸುಗ್ಗಿಯಲ್ಲಿ ನನ್ನ ಗಂಡನನ್ನು ಹಿಡಿಸಿದ್ದು ಅವೇ. ಹಿಡಿದವರನ್ನು ಉಪ್ಪಿನ ದ್ವೀಪಕ್ಕೆ ಕಳಿಸುತ್ತಾರೆ. ಅಲ್ಲಿಂದ ಈವರೆಗೆ ಯಾರೂ ಬಂದಿಲ್ಲ.

ನಾಳೆ ನನ್ನ ಮಗಳು ಸೋನವ್ವ ನಮ್ಮ ಕೊನೆಯ ರಾಗಿ ಹೊಲಕ್ಕೆ ಬಳ್ಳಿ ನೆಡುತ್ತಾಳೆ. ಬೇಡ ಎಂದೆ. "ಹಂಗಾರೆ ಏನ್ ಬಿತ್ಲಿ, ನೀನೇ ಹೇಳು" ಎಂದಳು.

ಅವಳ ಪ್ರಶ್ನೆಗೆ ಉತ್ತರ ನಿಮ್ಮ ಕಾಲದಲ್ಲಿತ್ತು. ನನ್ನ ಮುತ್ತಜ್ಜಿಯ ಅಜ್ಜಿ ಕೇತಮ್ಮನನ್ನು ನೀವು ಬಲ್ಲಿರಿ. ನಿಮ್ಮ ಮೊದಲ ಸಭೆಯಲ್ಲಿ ಎದ್ದು ನಿಂತು, "ಗಾಂಜಾ ತಕ್ಕೊಳ್ಳೋನು ಬಾಗ್ಲಿಗೇ ಬತ್ತಾನೆ ಕಣವ್ವಾ. ನಿನ್ ಬೆಳೆ ತಕ್ಕೊಳ್ಳೋನು ಯಾರು? ಒಂದ್ ಹೆಸ್ರು ಹೇಳು ಸಾಕು" ಎಂದವಳು. ನೀವು ಸಿಟ್ಟಾಗಲಿಲ್ಲ, ಎಣ್ಣೆ ಗಾಣದ ಯಜಮಾನನನ್ನೇ ಗುಡ್ಡ ಹತ್ತಿಸಿದಿರಿ. ಅವನು ಇಲ್ಲಿನ ಹುಚ್ಚೆಳ್ಳನ್ನು ಉಗುರಿನಲ್ಲಿ ಹಿಸುಕಿ, ಮೂಸಿ, ಒಪ್ಪಿದ. ಗುಡ್ಡದಲ್ಲಿ ಎಲ್ಲರಿಗಿಂತ ಮೊದಲು ಗಾಂಜಾ ಗಿಡ ಕಿತ್ತವಳು ಕೇತಮ್ಮ. ಬೇಲಿಯಾಚೆಯ ಜೋಗಯ್ಯ ನಕ್ಕ. "ಎಣ್ಣೆ ಮಿಕ್ರೆ ನನ್ ಬೋಳ್ ತಲೆಗೂ ಒಸಿ ಹಚ್ಚಕ್ಕಾ, ಕೂದ್ಲಾರೂ ಬಂದಾತು" ಎಂದ. ಅವನು ಗಾಂಜಾ ಬಿಡಲಿಲ್ಲ. ಆದರೆ ಅವಳ ಒಂದು ಸುಗ್ಗಿ ನೋಡಿ ಬಿಡುವವನಿದ್ದ. ಇಡೀ ಗುಡ್ಡ ಅವಳ ಹೊಲವನ್ನೇ ನೋಡುತ್ತಿತ್ತು.

ಇಲ್ಲಿನ ಒಂದು ಪದ್ಧತಿಯನ್ನು ನಿಮಗೆ ಯಾರೂ ಹೇಳಿಲ್ಲ. ನಮ್ಮಲ್ಲಿ ಬಿತ್ತನೆ ಬೀಜವನ್ನು ಯಾರೂ ತಮ್ಮ ಮನೆಯಲ್ಲಿಡುವುದಿಲ್ಲ. ಹಸಿವಾದಾಗ ಅದಕ್ಕೆ ಕೈ ಹೋಗಬಾರದೆಂದು ಪಕ್ಕದ ಮನೆಯ ಅಟ್ಟದಲ್ಲಿಡುತ್ತಾರೆ. ಜಗಳವಾಗಿ ಮಾತು ಬಿಟ್ಟಿದ್ದರೂ ನೆರೆಯವರ ಬುಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಉಸಿರಾಡುವಷ್ಟೇ ಸಹಜವಾದ ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕೆಂದು ನಮ್ಮವರಿಗೆ ಹೊಳೆಯಲೇ ಇಲ್ಲ. ಕೇತಮ್ಮನ ಹುಚ್ಚೆಳ್ಳು, ಈ ಎತ್ತರದ ಚಳಿಗೆ ಒಗ್ಗಿದ ಕೊನೆಯ ತಳಿ, ಜೋಗಯ್ಯನ ಅಟ್ಟದಲ್ಲಿದೆ.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳುತ್ತ ಬಂದದ್ದು ಇದು: ಬರುವ ಸೋಮವಾರ ನೀವು ಕೇತಮ್ಮನನ್ನು ಜೀಪಿನಲ್ಲಿ ಗಾಣಕ್ಕೆ ಕರೆದೊಯ್ಯುತ್ತೀರಿ. ಅದೇ ಹೊತ್ತಿಗೆ ಗಾಂಜಾ ಹಿಡಿಯುವ ದಾಳಿಯವರು ಜೋಗಯ್ಯನ ಮನೆಗೆ ಬರುತ್ತಾರೆ. ಗಿಡಗಳ ಜೊತೆಗೆ ಅಟ್ಟದಲ್ಲಿರುವುದನ್ನೆಲ್ಲ ಅಂಗಳಕ್ಕೆ ಸುರಿದು ಬೆಂಕಿ ಇಡುತ್ತಾರೆ. "ಅದು ನಂದಲ್ಲ ಸ್ವಾಮಿ, ಕೇತಕ್ಕಂದು! ನನ್ ಎಳ್ಕೊಂಡು ಹೋಗಿ, ಅದ್ನ ಬುಟ್ಬುಡಿ" ಎಂದು ಜೋಗಯ್ಯ ಕೈಕೋಳದಲ್ಲೇ ಕೂಗುತ್ತಾನೆ. ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುತ್ತಾರೆಂದು ಅವರು ನಗುತ್ತಾರೆ. ನೀವು ಮರಳಿದಾಗ ಅಂಗಳದಲ್ಲಿ ಎಣ್ಣೆ ಸುಟ್ಟ ವಾಸನೆ ಮಾತ್ರ ಇರುತ್ತದೆ. ನೀವು ಕೆಳಗಿನಿಂದ ತರಿಸಿಕೊಡುವ ಬೀಜ ಈ ಚಳಿಯಲ್ಲಿ ಹೂವನ್ನೇ ಬಿಡುವುದಿಲ್ಲ. ಕೇತಮ್ಮ ಮತ್ತೆ ಗಾಂಜಾ ಬಿತ್ತುತ್ತಾಳೆ. ಮೊದಲು ಬಿಟ್ಟವಳೇ ಮೊದಲು ಹಾಳಾದಳೆಂದು ಗುಡ್ಡ ತೀರ್ಮಾನಿಸಿತು. ಆಮೇಲೆ ಸಸಿ ಹಿಡಿದು ಬಂದ ಯಾರಿಗೂ ಇಲ್ಲಿ ಬಾಗಿಲು ತೆರೆಯಲಿಲ್ಲ. ನಾವು ಇಂದಿಗೂ ಆ ತೀರ್ಮಾನದೊಳಗೇ ಬದುಕುತ್ತಿದ್ದೇವೆ.

ದಾಳಿಯನ್ನು ತಡೆಯಿರಿ ಎಂದು ನಾನು ಕೇಳುವುದಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಗಾಣದವನು ಒಂದು ದಿನ ಕಾದಾನು. ಸೋಮವಾರ ನೀವೂ ಕೇತಮ್ಮನೂ ಗುಡ್ಡ ಇಳಿಯಬೇಡಿ. ಜೋಗಯ್ಯನ ಅಟ್ಟದ ಬಲಮೂಲೆಯಲ್ಲಿ ಬಾಯಿಗೆ ಸಗಣಿ ಮೆತ್ತಿದ ಬಿದಿರಿನ ಬುಟ್ಟಿ ಇರುತ್ತದೆ. ಅದೊಂದನ್ನು ಇಳಿಸಿ ಎದೆಗೆ ಅವಚಿಕೊಂಡು ನಿಲ್ಲಿ. ಬೈದರೂ, ತಳ್ಳಿದರೂ, ಕೆಲಸ ಹೋಗುತ್ತದೆಂದು ಹೆದರಿಸಿದರೂ ಕೆಳಗಿಡಬೇಡಿ.

ನಾಳೆ ಸೋನವ್ವ ಹೊರಡುವಾಗ ನಾನು ಹೊಸ್ತಿಲಿಗೆ ಅಡ್ಡವಾಗಿ ಕೂತಿರುತ್ತೇನೆ. ಅವಳು ನನ್ನನ್ನು ದಾಟಿಯೇ ಹೋಗುತ್ತಾಳೆ. ನನ್ನಿಂದಾಗುವುದು ಇಷ್ಟೇ, ತಾಯಿ. ನೀವು ಸೋಮವಾರ ಆ ಅಂಗಳ ಬಿಟ್ಟು ಕದಲಬೇಡಿ.