ಎಡಗಡೆ ಬಾಗಿಲಿನ ಗೀರು

ಶ್ರೀನಿವಾಸಪುರ
6 ಜೂನ್ 2024, ಗುರುವಾರ

ಮಗಳು ಶಿರೀಷಾಗೆ,

ನಿನ್ನ ಅಪ್ಪ ಶ್ರೀರಾಮಪ್ಪ ಮನಸಾರೆ ಮಾಡುವ ಆಶೀರ್ವಾದ. ನೀನು, ಅಳಿಯಂದಿರು ಮುನಿಕೃಷ್ಣ, ನಿಮ್ಮತ್ತೆ ಅಂಜಮ್ಮನವರು ಎಲ್ಲರೂ ಲಕ್ಕೂರಿನಲ್ಲಿ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ಈ ಕಾಗದ ಬರೆಯುವುದು ಏಳು ತಿಂಗಳು ತಡವಾಯಿತು, ಅದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ನೀನು ಪಿಯುಸಿ ಓದಲು ಕೋಲಾರದ ಹಾಸ್ಟೆಲಿನಲ್ಲಿದ್ದಾಗ ಬರೆದದ್ದೇ ಕೊನೆ, ಆಮೇಲೆ ನಾನು ಯಾರಿಗೂ ಕಾಗದ ಬರೆದವನಲ್ಲ. ಆದರೆ ಫೋನಿನಲ್ಲಿ ನೀನು "ಚೆನ್ನಾಗಿದೀನಪ್ಪ, ಅಮ್ಮಂಗೆ ಕೊಡು" ಅನ್ನುತ್ತೀಯ. ನಾನು ಕೊಟ್ಟುಬಿಡುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಮೊದಲು ಸಮಾಚಾರ. ನನ್ನ ಕಣ್ಣಿನ ಆಪರೇಷನ್ ಆಯಿತು. ನಿನಗೆ ಹೇಳಬೇಡವೆಂದು ನಿಮ್ಮಮ್ಮನಿಗೆ ಕಟ್ಟಪ್ಪಣೆ ಮಾಡಿದ್ದೆ, ಅವಳ ಮೇಲೆ ಸಿಟ್ಟಾಗಬೇಡ. ಲೈಸೆನ್ಸ್ ನವೀಕರಿಸಲು ಹೋದಾಗ ಡಾಕ್ಟರ ಸರ್ಟಿಫಿಕೇಟ್ ಬೇಕೆಂದರು. ಕೋಲಾರದ ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಬಲಗಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿ ಎಂದಳು. ನನಗೆ ಅಕ್ಷರವಿರಲಿ, ಗೋಡೆಯೇ ಸರಿಯಾಗಿ ಕಾಣಲಿಲ್ಲ. "ತಾತಾ, ಎಷ್ಟ್ ವರ್ಷದಿಂದ ಹಿಂಗೇ ಗಾಡಿ ಓಡಿಸ್ತಿದೀರಾ?" ಎಂದು ಕೇಳಿದಳು. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ ಓಡಿಸಿದ ನಾನು ತಲೆ ತಗ್ಗಿಸಿ ಕೂತೆ. ಮಾರ್ಚಿನಲ್ಲಿ ಎಡಗಣ್ಣಿನ ಪೊರೆ ತೆಗೆದರು, ಏಪ್ರಿಲಿನಲ್ಲಿ ಬಲಗಣ್ಣಿನದು.

ಎಡಗಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ಮರುದಿನ ಬೆಳಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದೆ. ಮಾವಿನ ಮರದ ಕೆಳಗೆ ನಮ್ಮ ಕಾರು ನಿಂತಿತ್ತು. ಅದು ನೀಲಿಯಾಗಿತ್ತು, ಶಿರೀ! ಎಷ್ಟೋ ದಿನದಿಂದ ಬಣ್ಣ ಮಾಸಿ ಬೂದಿಯ ಹಾಗಾಗಿದೆ ಎಂದುಕೊಂಡಿದ್ದೆನಲ್ಲ, ಅದು ಕೊಂಡ ದಿನದ ಹಾಗೆ ನೀಲಿಯಾಗಿತ್ತು. "ಯಾರೇ ಬಣ್ಣ ಹೊಡ್ಸಿದ್ದು?" ಎಂದು ಕೂಗಿದೆ. ನಿಮ್ಮಮ್ಮ ಅಡುಗೆಮನೆಯಿಂದಲೇ, "ಬಣ್ಣ ಎಲ್ಲಿಂದ ಬಂತು, ತೊಳ್ದೇ ಹದಿನೈದ್ ದಿನ ಆಯ್ತು" ಎಂದಳು.

ಸಂತೋಷದಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದೆ. ಎಡಗಡೆಗೆ ಬಂದಾಗ ಕಾಲು ನಿಂತುಹೋಯಿತು. ಮುಂದಿನ ಬಂಪರಿನಿಂದ ಹಿಂದಿನ ಚಕ್ರದವರೆಗೆ ಗೀರುಗಳು. ಕೆಲವು ಕೂದಲೆಳೆಯಷ್ಟು, ಕೆಲವು ಬೆರಳಗಲ. ಎರಡು ಕಡೆ ಬಣ್ಣ ಚಕ್ಕೆಯೆದ್ದು ತಗಡಿಗೆ ತುಕ್ಕು ಹಿಡಿದಿತ್ತು. ಬಲಗಡೆ ಒಂದೂ ಇಲ್ಲ. ನಿಮ್ಮಮ್ಮ ಕಾಫಿ ತಂದು ಪಕ್ಕದಲ್ಲಿ ನಿಂತಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು? ನೀವ್ ಎಡಗಡೆ ಉಜ್ಕೊಂಡ್ ಹೋದಾಗೆಲ್ಲ ಕಣ್ಮುಚ್ಕೊಂಡ್ ಕೂತ್ಕೋತಿದ್ದೆ."

"ಒಂದ್ ಮಾತ್ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳೋರೇನ್ರೀ ನೀವು?"

ಗ್ಯಾರೇಜಿಗೆ ಒಯ್ಯಲು ಮನಸ್ಸಾಗಲಿಲ್ಲ. ನಾನೇ ಮಾಡಿದ್ದನ್ನು ನಾನೇ ಸರಿಮಾಡಬೇಕು ಅನಿಸಿತು. ಎರಡನೇ ಕಣ್ಣೂ ಆಗಿ, ಧೂಳಿನಲ್ಲಿ ಕೆಲಸ ಮಾಡಬಹುದೆಂದು ಡಾಕ್ಟರು ಒಪ್ಪಿದ ಮೇಲೆ ಶುರು ಮಾಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಪೇಂಟ್ ಅಂಗಡಿ ಇಟ್ಟಿರುವ ಚಂದ್ರು, ಕಾರಿನ ಬಾಗಿಲ ಸಂದಿಯಲ್ಲಿ ಅಂಟಿಸಿದ ಚೀಟಿಯಲ್ಲಿರುವ ಬಣ್ಣದ ನಂಬರು ಬರೆದುಕೊಂಡು ಬರಲು ಹೇಳಿ, ಅದೇ ನೀಲಿಯ ಪುಟ್ಟ ಬಾಟಲಿ ತರಿಸಿಕೊಟ್ಟ. ಉಗುರುಬಣ್ಣದ ಬಾಟಲಿಯ ಹಾಗೆಯೇ, ಮುಚ್ಚಳದಲ್ಲೇ ಕುಂಚ. ಇದೇನು ಮಹಾ ಕೆಲಸ ಎಂದು ಮನೆಗೆ ಬಂದವನೇ ಬಿಸಿಲಲ್ಲಿ ನಿಂತು ದಪ್ಪಗೆ ಬಳಿದುಬಿಟ್ಟೆ. ಅದು ಜೇನಿನ ಹಾಗೆ ಇಳಿದು ಅಲ್ಲೇ ಒಣಗಿತು. ಚಂದ್ರು ಬಂದು ನೋಡಿ ಬಿದ್ದು ಬಿದ್ದು ನಕ್ಕ.

"ಏನ್ ಶ್ರೀರಾಮಪ್ಪಣ್ಣ, ಗೋಡೆಗ್ ಸುಣ್ಣ ಬಳ್ದಂಗ್ ಬಳ್ದಿದೀರಾ! ಫಸ್ಟ್ ಉಗುರಲ್ಲಿ ಎಳ್ದು ನೋಡ್ಬೇಕು. ಉಗುರು ತಡೀಲಿಲ್ಲ ಅಂದ್ರೆ ಮೇಲ್ಮೇಲಿನ ಗೀರು, ಕಾಂಪೌಂಡ್ ಅಂತ ಪಾಲಿಶ್ ಪೇಸ್ಟ್ ಬರುತ್ತೆ, ಅದನ್ನ ಹಾಕಿ ಬಟ್ಟೇಲಿ ಉಜ್ಜಿದ್ರೆ ಸಾಕು. ತಡೀತು ಅಂದ್ರೇನೇ ಬಣ್ಣ. ನಿಧಾನಂಗಾ ಮಾಡಬೇಕಣ್ಣ, ನಿಧಾನಂಗಾ."

ಅಲ್ಲಿಂದ ನಿಧಾನ ಕಲಿತೆ. ಕಾರನ್ನು ಶಾಂಪೂ ನೀರಲ್ಲಿ ತೊಳೆದು, ಮರದ ಅಂಟೆಲ್ಲ ತೆಗೆದು, ಶೆಡ್ಡಿನ ನೆರಳಿಗೆ ತಂದೆ. ತುಕ್ಕನ್ನು ವಾಟರ್ ಪೇಪರ್ ಎಂಬ ಉಪ್ಪುಕಾಗದದಲ್ಲಿ ಉಜ್ಜಿ, ಬರಿ ತಗಡು ಕಂಡಲ್ಲಿ ಮೊದಲು ತುಕ್ಕು ತಡೆಯುವ ಪ್ರೈಮರ್ ಕೊಟ್ಟೆ. ಅದು ಒಣಗಿದ ಮೇಲೆ ಬೆಂಕಿಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ ಬಣ್ಣ ಮುಟ್ಟಿಸಿದೆ. ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ಅದರ ಮೇಲೆ ಹೊಳಪಿಗೆ ಕ್ಲಿಯರ್ ಕೋಟ್. ವಾರ ಬಿಟ್ಟು ನೀರು ಹಾಕುತ್ತ ತೀರ ನಯವಾದ ಪೇಪರಿನಲ್ಲಿ ಸವರಿ, ಕಾಂಪೌಂಡಿನಲ್ಲಿ ಮೆರುಗು ತಂದೆ. ನಿಮ್ಮಮ್ಮ ಬಂದು ಉಗುರೆಳೆದು "ಇಲ್ಲಿ ತಡೀತಿದೆ" ಅಂದರೆ ಮತ್ತೆ ಕೂರಬೇಕು. ಬಸ್ ಓಡಿಸುವಾಗ ಮುಂದಿನ ಸ್ಟಾಪ್ ಒಂದೇ ನನ್ನ ತಲೆಯಲ್ಲಿರುತ್ತಿತ್ತು. ಒಂದು ಅಂಗೈಯಗಲ ಜಾಗದ ಮುಂದೆ ಅರ್ಧ ದಿನ ಕೂತದ್ದು ಇದೇ ಮೊದಲು. ಕೂತಾಗಲೆಲ್ಲ ನೀನು ನೆನಪಾಗುತ್ತಿದ್ದೆ.

ಹಿಂದಿನ ಎಡ ಬಾಗಿಲಿನ ಉದ್ದ ಗೀರನ್ನು ಕೊನೆಗೆ ಇಟ್ಟುಕೊಂಡಿದ್ದೆ. ನಿನಗೆ ಅದು ಯಾವುದೆಂದು ಹೇಳಬೇಕಾಗಿಲ್ಲ. ಕಳೆದ ನವೆಂಬರಿನಲ್ಲಿ ಮುಳಬಾಗಿಲಲ್ಲಿ ನಿನ್ನ ಸೋದರಮಾವ ಆವಲಪ್ಪನ ಮೊಮ್ಮಗುವಿನ ನಾಮಕರಣ. ಅಷ್ಟು ಜನರ ಮುಂದೆ ಯಾರೋ "ಡ್ರೈವರ್ ಸಾಹೇಬ್ರ ಗಾಡೀಗೂ ಗೀರು ಬಿತ್ತಾ?" ಎಂದು ನಕ್ಕರು. ನಾನು, "ನಾನಲ್ಲಪ್ಪ, ನಮ್ ಶಿರೀಷಾ ಹೋದ್ ಭಾನ್ವಾರ ವೇಮಗಲ್‌ಗೆ ತಗೊಂಡ್ ಹೋಗಿದ್ಲು. ಹೆಣ್ಮಕ್ಕಳ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ" ಅಂದುಬಿಟ್ಟೆ. ಎಲ್ಲರೂ ನಕ್ಕರು. ಪಕ್ಕದಲ್ಲೇ ಇದ್ದ ಅಂಜಮ್ಮನವರು ನಗಲಿಲ್ಲ. ಅವತ್ತಿನಿಂದ ನೀನು ಕಾರು ಮುಟ್ಟಿಲ್ಲ, ಈ ಮನೆಯ ಹೊಸ್ತಿಲನ್ನೂ ಮೆಟ್ಟಿಲ್ಲ.

ಮಾಲೂರಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಶಾಲೆಯವರು ಕೆಲಸಕ್ಕೆ ನಿನ್ನನ್ನು ಕರೆದಿದ್ದರೆಂದು, "ಹೆತ್ತಪ್ಪನೇ ಹಿಂಗಂದ್ ಮೇಲೆ ನಾನ್ ಯಾವ್ ಧೈರ್ಯದ್ ಮೇಲೆ ಕಳಿಸ್ಲಿ?" ಎಂದು ನಿಮ್ಮತ್ತೆ ಬೇಡವೆಂದರೆಂದು ಮುನಿಕೃಷ್ಣ ಸಂಕ್ರಾಂತಿಯ ಹೊತ್ತಿಗೆ ಹೇಳಿದರು. ಕೇಳಿಸಿಕೊಂಡೂ ನಾನು ಏನೂ ಮಾಡಲಿಲ್ಲ.

ಆ ಗೀರನ್ನು ನೀರು ಹಾಕಿ ಉಜ್ಜಿದಾಗ ಒಳಗೆ ಹಸಿರು ಬಣ್ಣ ಸಿಕ್ಕಿತು. ನಮ್ಮೂರ ಮಾವಿನ ಮಂಡಿಯ ಗೇಟಿನ ಹಸಿರು. ನೀನು ಆ ಕಡೆಗೆ ಯಾವತ್ತೂ ಹೋದವಳಲ್ಲ, ಅಲ್ಲಿಗೆ ಹೋಗುವವನು ನಾನೊಬ್ಬನೇ. ಗೀರು ನಿನ್ನದಲ್ಲ, ನನ್ನದು ಎಂದು ಆಗ ತಿಳಿಯಿತು. ನನ್ನಿಂದ ತಪ್ಪಾಯಿತು, ಮಗಳೇ.

ಹೋದ ಸೋಮವಾರ ಬಸ್ಸಿನಲ್ಲಿ ಮಾಲೂರಿಗೆ ಹೋಗಿ ಆ ಶಾಲೆ ನಡೆಸುವ ಸುನಂದ ಅವರನ್ನು ಕಂಡು, ನಡೆದದ್ದನ್ನು ಹೇಳಿದೆ. "ನಿಮ್ ಮಗಳು ಹೋದ್ ಅಕ್ಟೋಬರಲ್ಲಿ ಟ್ರಯಲ್‌ಗೆ ಬಂದಾಗ ಗಾಡಿ ರಿವರ್ಸ್ ತಗೊಂಡಿದ್ದು ನೋಡೇ ನಾನ್ ಮೆಚ್ಕೊಂಡಿದ್ದು ಸಾರ್. ಕಲಿಸಿದ್ದು ಯಾರು?" ಎಂದರು. ಕಲಿಸಿದ್ದು ನಾನೇ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಹೊಸ ಬ್ಯಾಚು ಜುಲೈನಲ್ಲಂತೆ, ಈಗಲೂ ಒಬ್ಬರು ಬೇಕಂತೆ. ನಿನ್ನ ಪರವಾಗಿ ನಾನು ಏನೂ ಒಪ್ಪಿಕೊಂಡು ಬಂದಿಲ್ಲ. ಬೇಕೋ ಬೇಡವೋ ನೀನೇ ಹೇಳು.

ಕಾರಿನ ಕೆಲಸ ಮುಗಿದಿದೆ. ಬಿಸಿಲಲ್ಲಿ ಓರೆಯಾಗಿ ನಿಂತು ನೋಡಿದರೆ ತೇಪೆ ಹಾಕಿದ್ದು ಇನ್ನೂ ತಿಳಿಯುತ್ತದೆ, ಅಷ್ಟು ಸಾಕು. ಈ ವರ್ಷ ಹಣ್ಣು ಕಡಿಮೆ, ಆದರೂ ಅಂಗಳದ ಮರ ಕೈಬಿಟ್ಟಿಲ್ಲ. ನಿಮ್ಮಮ್ಮ ನಿನ್ನ ಪಾಲಿನದನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದಾಳೆ. ಅಳಿಯಂದಿರಿಗೂ ಬೀಗಿತ್ತಿಯವರಿಗೂ ನನ್ನ ನಮಸ್ಕಾರ ಹೇಳು. ನಿನ್ನ ದಾರಿ ಸಲೀಸಾಗಿರಲಿ, ನೀನು ಕಲಿಸುವ ಹೆಂಗಸರೆಲ್ಲ ಧೈರ್ಯವಾಗಿ ರಸ್ತೆಗಿಳಿಯಲಿ ಎಂದು ಹರಸುವ

ನಿನ್ನ ಅಪ್ಪ,
ಶ್ರೀರಾಮಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಕವರು ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. "ಆಗ ತಿಳಿಯಿತು" ಎಂದು ಮೇಲೆ ಬರೆದದ್ದು ಸುಳ್ಳು. ನನಗೆ ಮೊದಲೇ ಗೊತ್ತಿತ್ತು, ಶಿರೀ. ನಾಮಕರಣದ ಹಿಂದಿನ ದಿನ ಮಂಡಿಯಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟು ಕರ್ರೆಂದು ಉಜ್ಜಿದ್ದು ಕೇಳಿಸಿತ್ತು. ಇಳಿದು ಕೈಯಲ್ಲಿ ಸವರಿ ನೋಡಿದ್ದೆ. ಮಾರನೆಯ ದಿನ ಅಷ್ಟು ಜನರ ಮುಂದೆ ನೀನು ಮೆಲ್ಲಗೆ "ನಾನ್ ಮಾಡ್ಲಿಲ್ಲಪ್ಪ" ಎಂದೆ. ನಾನು "ಸುಳ್ ಬೇರೆ ಹೇಳ್ತೀಯಾ?" ಎಂದೆ. ಕಣ್ಣು ಹೋಗುತ್ತಿದೆ ಎಂದು ಯಾರಿಗೂ ಗೊತ್ತಾಗಬಾರದೆಂಬ ಭಯಕ್ಕೆ ನಿನ್ನನ್ನು ಸುಳ್ಳಿಯನ್ನಾಗಿ ಮಾಡಿದೆ. ಇದಕ್ಕೆ ಪೊರೆ ಕಾರಣವಲ್ಲ.

ಹದಿನಾರನೇ ತಾರೀಕು ಭಾನುವಾರ ಆವಲಪ್ಪನ ಮನೆಯಲ್ಲಿ ಆ ಮಗುವಿಗೆ ಮುಡಿ ತೆಗೆಸುತ್ತಾರೆ. ಅದೇ ಜನ ಸೇರುತ್ತಾರೆ. ಊಟಕ್ಕೆ ಎಲೆ ಹಾಕುವ ಮುಂಚೆ ಎದ್ದು ನಿಂತು ಎಲ್ಲರಿಗೂ ಇದನ್ನು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ನಿಮ್ಮತ್ತೆ ಮಾತ್ರ ಅಲ್ಲಿಯವರೆಗೆ ಕಾಯುವುದು ಬೇಡ. ಈ ಕಾಗದವನ್ನು ಅವರಿಗೆ ಓದಿ ಹೇಳು. ಒಂದು ಸಾಲೂ ಬಿಡಬೇಡ.