ಅಂಬಿಗ ಬರಲೆಂದು

ಮಾರ್ಚ್ 5, ಬೂದಿ ಬುಧವಾರ

ಉಪವಾಸ. ಮಧ್ಯಾಹ್ನ ಒಂದೇ ಊಟ, ಕಡಲಪಾಚಿ ಹಾಕಿದ ಆಲೂಗಡ್ಡೆ ಸಾರು. ಒಲೆ ಬಳಿದೆ, ಕೋಳಿ ಬಿಟ್ಟೆ, ಬ್ರೆಡ್ಡಿಗೆ ಹಿಟ್ಟು ನಾದಿಟ್ಟೆ.

ಯಾಸ್ನಾ ಹಣ್ಣಿನ ಪ್ಯಾಕಿಂಗ್ ಕೆಲಸ ಮುಗಿಸಿ ಬಂದವಳು ಮಲಗಲಿಲ್ಲ. ಮೇಜಿನ ಮೇಲೆ ಕಾರ್ಡು ಹರಡಿ ಕೂತಳು. ಇಸ್ಪೀಟಲ್ಲ, ಒಬ್ಬೊಬ್ಬರೂ ತಮಗೆ ಬೇಕಾದ ಕಾರ್ಡು ಆರಿಸಿ ಸ್ವಂತ ಕಟ್ಟು ಜೋಡಿಸಿ ತರುವ ಆಟ. ಭಾನುವಾರ ಅಗ್ನಿಶಾಮಕದವರ ಸಭಾಂಗಣದಲ್ಲಿ ಅದರ ಟೂರ್ನಮೆಂಟು. ಗೆದ್ದ ಒಬ್ಬರಿಗೆ ಮಾತ್ರ ರಾಜಧಾನಿ ಸಾಂತಿಯಾಗೊದ ದೊಡ್ಡ ಪಂದ್ಯ. ಮಗಳು ಪ್ರತಿ ವರ್ಷ ಫೈನಲ್ ತಲುಪುತ್ತಾಳೆ, ಪ್ರತಿ ವರ್ಷ ದಾಮಿಯಾನನಿಗೆ ಸೋಲುತ್ತಾಳೆ. ಅವನು ಓರ್ತೆನ್ಸಿಯಾಳ ಮಗ. ಓರ್ತೆನ್ಸಿಯಾ ನನ್ನ ಯಾಸ್ನಾಳ ಧರ್ಮತಾಯಿ. ಜ್ಞಾನಸ್ನಾನದ ದಿನದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಂದೇ ಮಗುವಿನ ಜೊತೆತಾಯಂದಿರು.

ಒಂದು ಕಾರ್ಡು ಎತ್ತಿ ತೋರಿಸಿದಳು. ದೋಣಿ, ಹುಟ್ಟು, ಮುದುಕ. ಅಂಬಿಗ. ಅದನ್ನು ಇಳಿಸಿದರೆ ಇಬ್ಬರೂ ಕೈಯಲ್ಲಿದ್ದುದನ್ನೆಲ್ಲ ಕಟ್ಟಿಗೆ ಹಾಕಿ ಹೊಸದಾಗಿ ಎತ್ತಬೇಕಂತೆ.

“ಅಂಗಡೀಲಿ ಇದನ್ನ ಲೋಟದ ಕೆಳಗೆ ಇಡ್ತಾರೆ, ಅಮ್ಮಾ. ಯಾರೂ ಆಡಲ್ಲ. ಅದಕ್ಕೇ ನನ್ನ ಕಟ್ಟಿಗೆ ಹಾಕಿದೀನಿ.”

“ಇಷ್ಟೊಂದರಲ್ಲಿ ಒಬ್ಬ ಮುದುಕ ಕೈಗೆ ಬರೋದು ಯಾವಾಗ?”

“ಬಂದ್ರೆ ಸಾಕು. ದಾಮಿಯಾನ್ ಒಳ್ಳೊಳ್ಳೇದೆಲ್ಲ ಕೈಯಲ್ಲೇ ಕೂಡಿಡೋನು. ಎಲ್ಲಾ ನೀರುಪಾಲು. ಯಾರಿಗೂ ಹೇಳ್ಬೇಡ.”

ಮಾರ್ಚ್ 7, ಶುಕ್ರವಾರ, ಸಂಜೆ

ಚರ್ಚಿನಲ್ಲಿ ಶಿಲುಬೆ ಹಾದಿ, ಆಮೇಲೆ ಜಪಸರ. ಓರ್ತೆನ್ಸಿಯಾಳೇ ನಡೆಸಿದಳು. ಎಂದಿನಂತೆ ಒಂದೇ ಕುರಿಚರ್ಮದ ಮೇಲೆ ನಾವಿಬ್ಬರೂ ಮೊಣಕಾಲೂರಿದೆವು. ಕೊನೆಯಲ್ಲಿ ಒಬ್ಬೊಬ್ಬರೂ ಬಾಯಿಬಿಟ್ಟು ಬೇಡಬೇಕು, ಉಳಿದವರು “ಪ್ರಭುವೇ, ಆಲಿಸು” ಎನ್ನಬೇಕು.

“ನನ್ನ ಮಗಳಿಗೆ ಒಳ್ಳೇದಾಗಲಿ” ಎಂದೆ.

“ಅಷ್ಟೇ ಅಂದ್ರೆ ಹೆಂಗೆ, ಕೊಮಾದ್ರೆ? ಹೆಸರು ಹಿಡಿದು ಕೇಳು. ದೇವರಿಗೂ ವಿಳಾಸ ಬೇಡ್ವಾ?” ಎಲ್ಲರೂ ನಕ್ಕರು.

“ಭಾನುವಾರ ಯಾಸ್ನಾ ಕೈಗೆ ಅಂಬಿಗ ಕಾರ್ಡು ಬರಲಿ.”

“ಪ್ರಭುವೇ, ಆಲಿಸು.” ಅವಳ ದನಿಯೇ ಎಲ್ಲರಿಗಿಂತ ದೊಡ್ಡದು.

ಸೇತುವೆ ದಾಟುವಾಗ ಹೊಳೆಯಿತು: ಮಗಳ ಗುಟ್ಟನ್ನು ದಾಮಿಯಾನನ ತಾಯಿಯ ಮುಂದೆಯೇ ಬಿಟ್ಟುಕೊಟ್ಟಿದ್ದೆ.

ಮಾರ್ಚ್ 8, ಶನಿವಾರ

ಬೆಳಿಗ್ಗೆಯೇ ಮಗಳಿಗೆ ಹೇಳಿದೆ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹದ ಲೋಟ ಪಕ್ಕಕ್ಕೆ ಸರಿಸಿದಳು.

“ಮಗನ ಕಿವಿಗೆ ಬಿದ್ದೇ ಬೀಳತ್ತೆ. ದಾಮಿಯಾನ್ ಈಗ ಅದನ್ನ ತಡೆಯೋ ಕಾರ್ಡು ಕೈಯಲ್ಲಿ ಹಿಡ್ಕೊಂಡು ಅಂಬಿಗನಿಗೇ ಕಾಯ್ತಾನೆ. ಕಾಯ್ಲಿ. ಇವತ್ತೂ ಹೋಗಿ ಅದನ್ನೇ ಬೇಡ್ಕೋ, ಅಮ್ಮಾ.”

“ಆ ಕಾರ್ಡು ನಿನ್ನ ಕಟ್ಟಲ್ಲಿ ಇರತ್ತಾ?”

“ಕೇಳ್ಬೇಡ. ಗೊತ್ತಿಲ್ದೇ ಇದ್ರೆ ಸುಳ್ಳಾಗಲ್ಲ.”

ಗೊತ್ತಾಯಿತು. ಅವಳು ಬೆನ್ನು ತಿರುಗಿಸಿ ಬಿಸ್ಕತ್ತಿನ ಡಬ್ಬಿಯೊಳಗೆ ಏನೋ ಇಟ್ಟು ಮುಚ್ಚಳ ಒತ್ತಿದ್ದು ಕೇಳಿಸಿತು.

ಸಂಜೆ ಹೋಗದೇ ಇರಬಹುದಿತ್ತು. ನನ್ನ ಬಾಯಿಂದ ಕೆಟ್ಟದ್ದು, ನನ್ನ ಬಾಯಿಂದಲೇ ಸರಿಯಾಗಲಿ ಎನಿಸಿತು. ಹೋದೆ.

ನನ್ನ ಸರದಿ ಬಂದಾಗ ಓರ್ತೆನ್ಸಿಯಾ ಈ ಕಡೆ ನೋಡಲಿಲ್ಲ. “ನಿನ್ನೆ ಬೇಡಿದ್ದೇನಾ, ಕೊಮಾದ್ರೆ?”

“ಅದೇ” ಎಂದೆ.

ಒಂದೇ ಮಾತು. ಅವರೆಲ್ಲ ಪ್ರಭುವನ್ನು ಕರೆದರು.

ಮಾರ್ಚ್ 9, ಭಾನುವಾರ

ಗೆದ್ದಳು.

ಮತ್ತೆ ಅವರಿಬ್ಬರೇ ಫೈನಲ್. ದಾಮಿಯಾನ್ ಒಂದು ಕಾರ್ಡನ್ನು ಕೊನೆವರೆಗೂ ಎಡಗೈಯಲ್ಲಿ ಬಿಗಿಹಿಡಿದಿದ್ದ. ಬೇರೆ ಹೊಡೆತಕ್ಕೆ ಅದನ್ನು ಖರ್ಚು ಮಾಡಲಿಲ್ಲ. ಯಾಸ್ನಾ ಸಣ್ಣಪುಟ್ಟ ಕಾರ್ಡುಗಳಿಂದ ಸ್ವಲ್ಪಸ್ವಲ್ಪವೇ ಅವನನ್ನು ಮುಗಿಸಿದಳು.

“ಅಂಬಿಗ ಎಲ್ಲಿ?” ಎಂದ ಹುಡುಗ.

ಯಾಸ್ನಾ ಕಟ್ಟನ್ನು ಮಗುಚಿ ಮೇಜಿನುದ್ದಕ್ಕೂ ಹರಡಿದಳು. ಮುದುಕನಿರಲಿಲ್ಲ. ಯಾರೋ ಶಿಳ್ಳೆ ಹೊಡೆದರು. ದಾಮಿಯಾನನೇ ನಕ್ಕುಬಿಟ್ಟ, “ಅಬ್ಬಾ, ಕಳ್ಳಿ” ಎಂದು ಕೈ ಕುಲುಕಿದ.

ಓರ್ತೆನ್ಸಿಯಾ ಮೇಜನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಬಾಗಿಲ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಶುಕ್ರವಾರ ಮಗನ ಮುಂದೆ ಬಾಯಿಬಿಟ್ಟೆ. ಹೌದು. ರಾತ್ರಿಯೆಲ್ಲ ಸಂಕಟ. ಅದಕ್ಕೇ ನಿನ್ನೆ ನನ್ನ ಮಗನ್ನ ಬಿಟ್ಟು ನಿನ್ನ ಮಗಳಿಗೆ ಮನಸಾರೆ ಬೇಡ್ಕೊಂಡೆ, ಅಂಬಿಗ ಬರಲಪ್ಪಾ ಅಂತ. ನೀನು ಏನು ಬೇಡ್ಕೊಂಡೆ, ಎರ್ಸೀಲಿಯಾ?”

ಕೊಮಾದ್ರೆ ಎನ್ನಲಿಲ್ಲ. ನನ್ನ ಹೆಸರು ಹಿಡಿದು ಕೇಳಿದಳು.

ಮಾರ್ಚ್ 14, ಶುಕ್ರವಾರ

ಮಾಂಸ ಬಿಟ್ಟರೆ ಸಾಕಾದ ದಿನ. ಆದರೂ ಒಣ ಬ್ರೆಡ್ಡು, ನೀರು.

ಈ ವಾರ ಓರ್ತೆನ್ಸಿಯಾ ಪ್ರಾರ್ಥನೆಗೆ ಬಂದಿಲ್ಲ. ಜಪಸರ ಯಾರ್ಯಾರೋ ನಡೆಸಿದರು. ಕುರಿಚರ್ಮ ಅವಳ ಮನೆಯಲ್ಲಿದೆ. ಬರಿ ಹಲಗೆಯ ಮೇಲೆ ಮೊಣಕಾಲು ಊದಿದೆ. ಗುರುಗಳ ಹತ್ತಿರ ಪಾಪನಿವೇದನೆ ಮಾಡಿದೆ. “ದೇವರು ಕ್ಷಮಿಸಿದ, ಇನ್ನು ಅವಳ ಹತ್ತಿರ ಹೋಗಮ್ಮ” ಎಂದರು. ಎರಡು ಸಲ ಹೋದೆ. ನಾಯಿ ಬಂತು, ಅವಳು ಬರಲಿಲ್ಲ.

ಯಾಸ್ನಾ ಡಬ್ಬಿಯಿಂದ ಅಂಬಿಗನನ್ನು ತೆಗೆದು ತಾನಾಗಿಯೇ ನನ್ನ ಮುಂದಿಟ್ಟಳು. “ತಪ್ಪು ನಾನೂ ಮಾಡಿದ್ದೇ ಅಲ್ವಾ, ಅಮ್ಮಾ.” ಸಾಂತಿಯಾಗೊ ಬಸ್ಸಿಗೆ ಇನ್ನೂ ಹೊತ್ತಿದೆ. ಬೂಟು ಕಟ್ಟುತ್ತಿದ್ದಾಳೆ. ಅವಳಿಗೆ ಹೇಳಬೇಕು —

ಮೊದಲು ನಿನ್ನ ಧರ್ಮತಾಯಿಯ ಗೇಟಿಗೆ ಹೋಗು. ಕಾರ್ಡು ಅವಳ ಕೈಗೇ ಕೊಡು. ಇವತ್ತು ಸಂಜೆ ಪ್ರಾರ್ಥನೆಯಲ್ಲಿ ನಾನು ಎಲ್ಲರ ಮುಂದೆ, ಶನಿವಾರ ಹೇಳಿದ “ಅದೇ” ಸುಳ್ಳು ಎಂದು ಹೇಳಿ, ಅವಳ ಹೆಸರು ಹಿಡಿದೇ ಅವಳಿಗಾಗಿ ಬೇಡುತ್ತೇನೆ ಎನ್ನು. ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರುತ್ತಾಳೋ ಇಲ್ಲವೋ, ಕೇಳು. ಏನಂದರೂ ತಿದ್ದದೆ, ಹಾಗೆಯೇ ತಂದು ಹೇಳು, ಮಗಳೇ. ಬಾಗಿಲು ತೆರೆಯದಿದ್ದರೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರು.