ಪಂಖ ತಿರುಗಿ ಹೊಡೆದದ್ದು ಯಾರ ಅಜಾಗರೂಕತೆ?

ವಿಮಾನಗಳ ಹಾರಾಟಯೋಗ್ಯತೆ ಪರೀಕ್ಷಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡನ ಬಲಗೈ ಮುರಿದದ್ದು ‘ಚಾಲಕನ ಅಜಾಗರೂಕತೆ’ಯಿಂದ ಎಂದು ತಾವು ಬರೆದ ವರದಿಯ ಪ್ರತಿ ಕಳೆದ ವಾರ ಅಂಚೆಯಲ್ಲಿ ಬಂತು. ಅದು ಸುಳ್ಳು. ಆ ಕೈ ಮುರಿದದ್ದು ತಮ್ಮ ಆದೇಶದಿಂದ. ಹತ್ತು ಹೆಜ್ಜೆ ದೂರದಲ್ಲಿ, ಬೇವಿನ ನೆರಳಿನಲ್ಲಿ ನಿಂತು ತಾವು ಕಣ್ಣಾರೆ ಕಂಡದ್ದನ್ನು ತಮಗೇ ನೆನಪಿಸಬೇಕಾಗಿ ಬಂದಿದೆ.

ನನ್ನ ಗಂಡ ಶಂಭುಲಿಂಗ ರಾಣೆಬೆನ್ನೂರಿನಲ್ಲಿ ಲೇತ್ ಇಟ್ಟುಕೊಂಡವರು. ಪಂಪ್‌ಸೆಟ್ ರಿಪೇರಿಯ ಮಲಂಗಸಾಬ ಅವರ ಗೆಳೆಯ. ನಾನು ಬ್ಯಾಡಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾವು ಮೂವರು ಕೂಡಿ, ಗುತ್ತಲ ರಸ್ತೆಯ ನಮ್ಮ ಹೊಲದ ಶೆಡ್ಡಿನಲ್ಲಿ, ಆರು ವರ್ಷ ದುಡಿದು ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟಿದೆವು. ಅದಿನ್ನೂ ಹಾರಿಲ್ಲ. ನೆಲದ ಮೇಲೆ ಎಂಜಿನ್ ಓಡಿಸಿ ನೋಡಲು ಮಾತ್ರ ತಮ್ಮ ಕಚೇರಿ ಅನುಮತಿ ಕೊಟ್ಟಿತ್ತು. ನಾವು ಅದರಾಚೆ ಒಂದು ಗೇಣೂ ಹೋಗಿರಲಿಲ್ಲ.

ಎಂಜಿನ್ ಹಳೆಯದು. ಕಿಡಿ ಹುಟ್ಟಿಸಲು ಅದಕ್ಕೆ ಎರಡು ಮ್ಯಾಗ್ನೆಟೋಗಳಿದ್ದವು. ವಿಮಾನದ ಮೂತಿಯಲ್ಲಿರುವ ಪಂಖವನ್ನು, ಅಂದರೆ ಪ್ರೊಪೆಲ್ಲರನ್ನು, ಕೈಯಿಂದ ಎಳೆದೇ ಚಾಲೂ ಮಾಡಬೇಕು. ಆಗ ಕಿಡಿ ತುಸು ಮೊದಲೇ ಹಾರಿದರೆ ಪಂಖ ಹಿಂದಕ್ಕೆ ತಿರುಗಿ ಹೊಡೆಯುತ್ತದೆ. 2006ರ ಬೇಸಿಗೆಯಲ್ಲಿ ಹಾಗೆ ಹೊಡೆದು ಮಲಂಗಸಾಬರ ಎರಡು ಬೆರಳು ಬಾತುಕೊಂಡವು. ಬೆರಳನ್ನು ತಂಬಿಗೆಯ ನೀರಿನಲ್ಲಿ ಅದ್ದಿಕೊಂಡೇ ಅವರು ನನಗೆ ಹೇಳಿದರು: “ಅಕ್ಕಾರ, ಈ ಮ್ಯಾಗ್ನೆಟೋ ಮನಷ್ಯಾನ ಕೈ ಕೇಳಾಕತ್ತೈತ್ರಿ. ಬ್ಯಾರೆ ಏನರ ಮಾಡೂಣು.”

ಮಾಡಿದೆವು. ಒಂದು ಮ್ಯಾಗ್ನೆಟೋ ತೆಗೆದು ಆ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದೆವು. ಎಂಜಿನ್ನಿನ ವೇಗ ನೋಡಿಕೊಂಡು ಅದು ತಾನಾಗಿಯೇ ಕಿಡಿ ಹಾರುವ ಹೊತ್ತು ಹೊಂದಿಸುತ್ತದೆ. ಚಾಲೂ ಮಾಡುವಾಗ ಕಿಡಿ ತಡವಾಗಿ ಹಾರುವುದರಿಂದ ಪಂಖ ತಿರುಗಿ ಹೊಡೆಯುವುದಿಲ್ಲ. ಬ್ಯಾಟರಿ ಕೈಕೊಟ್ಟರೆ ಇರಲೆಂದು ಇನ್ನೊಂದು ಮ್ಯಾಗ್ನೆಟೋ ಹಾಗೇ ಉಳಿಸಿ, ಎಂಜಿನ್ ಓಡತೊಡಗಿದ ಮೇಲಷ್ಟೇ ಅದರ ಸ್ವಿಚ್ ಹಾಕುತ್ತಿದ್ದೆವು. ಇದೆಲ್ಲವನ್ನೂ ನಕ್ಷೆಸಮೇತ ಬರೆದು ತಮ್ಮ ಒಪ್ಪಿಗೆ ಕೇಳಿದೆವು. ಹದಿನಾಲ್ಕು ತಿಂಗಳು ಉತ್ತರವಿಲ್ಲ. ಮೌನವೂ ತಮ್ಮ ಸುರಕ್ಷತಾ ನಿಯಮಗಳಲ್ಲಿ ಒಂದೇ?

ಕೊನೆಗೆ ಹೋದ ಆಗಸ್ಟಿನಲ್ಲಿ ತಾವು ದಯಮಾಡಿಸಿದಿರಿ. ನಕ್ಷೆ ಬಿಚ್ಚಿ ನೋಡಲಿಲ್ಲ. ಅನುಮತಿಪತ್ರದಲ್ಲಿ ‘ಎರಡು ಮ್ಯಾಗ್ನೆಟೋ’ ಎಂದಿದೆ, ಎರಡನ್ನೂ ಕೂರಿಸಿ ಇವತ್ತೇ ಚಾಲೂ ಮಾಡಿ ತೋರಿಸಿ, ಇಲ್ಲವಾದರೆ ಅನುಮತಿ ರದ್ದು ಎಂದಿರಿ. ಮಲಂಗಸಾಬರು ಎರಡು ತಾಸು ಕೂತು ಹಳೆಯದನ್ನು ಮತ್ತೆ ಜೋಡಿಸಿದರು. ಆಗ ಶಂಭುಲಿಂಗ ತಮ್ಮೆದುರು ಕೈ ಮುಗಿದು ನಿಂತರು.

“ಸಾಹೇಬ್ರ, ಹಿಂಗ ಎಳದ್ರ ತಿರುಗಿ ಹೊಡೀತೈತ್ರಿ. ಹಿಂದ ಒಮ್ಮೆ ಹೊಡದೈತಿ.”

ತಾವು ಗಡಿಯಾರ ನೋಡಿಕೊಂಡು, ಹಾವೇರಿಯಿಂದ ರೈಲು ಹಿಡಿಯಬೇಕು, ಬೇಗ ಮುಗಿಸಿ ಎಂದಿರಿ.

ಮಲಂಗಸಾಬರು ಮುಂದೆ ಬಂದರು. ನನ್ನ ಗಂಡ ಅವರನ್ನು ಪಕ್ಕಕ್ಕೆ ಸರಿಸಿ ಪಂಖಕ್ಕೆ ಕೈ ಹಾಕಿದರು. ಮೂರನೆಯ ಎಳೆತಕ್ಕೆ ಅದು ತಿರುಗಿ ಹೊಡೆಯಿತು. ಮೊಣಕೈ ಕೆಳಗಿನ ಎರಡೂ ಎಲುಬು ಮುರಿದವು. ಒಳಗೆ ಪ್ಲೇಟು ಕೂರಿಸಿದ್ದಾರೆ; ಅಂಗೈ ಇಂದಿಗೂ ಮೇಲ್ಮುಖವಾಗಿ ತಿರುಗುವುದಿಲ್ಲ. ಲೇತಿನ ಕೆಲಸ ನಿಂತಿದೆ. ಊಟಕ್ಕೆ ಕೂತಾಗ ಎಡಗೈಯಿಂದ ತುತ್ತು ಎತ್ತುತ್ತಾರೆ, ಎತ್ತುವಾಗ ನನ್ನ ಮುಖ ನೋಡುವುದಿಲ್ಲ. ಬೇಡವೆಂದು ಕೈ ಮುಗಿದವನು ಅಜಾಗರೂಕನಾದರೆ, ರೈಲಿನ ಹೊತ್ತು ನೋಡಿಕೊಂಡು ಎಳೆಯಿಸಿದವರನ್ನು ಏನೆಂದು ಕರೆಯೋಣ?

ಎಂಜಿನ್ ಮುಟ್ಟಕೂಡದೆಂದು ವರದಿಯ ಜೊತೆಗೇ ತಾವು ಕಳಿಸಿದ ತಡೆಯಾದೇಶವನ್ನು ಮೊನ್ನೆ ಭಾನುವಾರ ನಾವು ಮುರಿದಿದ್ದೇವೆ. ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತೆ ಕೂರಿಸಿದೆವು. ಪಂಖ ಎಳೆದವಳು ನಾನು. ಮೊದಲ ಎಳೆತಕ್ಕೇ ಎಂಜಿನ್ ಚಾಲೂ ಆಯಿತು. ಶಂಭುಲಿಂಗ ಶೆಡ್ಡಿನ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಮಲಂಗಸಾಬರು ಅವರ ಹೆಗಲ ಮೇಲೆ ಕೈ ಇಟ್ಟಿದ್ದರು.

ವರದಿಯಿಂದ ‘ಅಜಾಗರೂಕತೆ’ಯನ್ನು ಹೊಡೆದುಹಾಕಿ, ಯಾರ ಆದೇಶದ ಮೇಲೆ ಯಾರು ಪಂಖ ಎಳೆದರೆಂದು ಬರೆಯಿರಿ. ನಮ್ಮ ಅರ್ಜಿಗೆ ಹೌದೋ ಅಲ್ಲವೋ, ಕಾರಣಸಹಿತ ಲಿಖಿತ ಉತ್ತರ ಕೊಡಿ. ಆದೇಶ ಮೀರಿದ್ದಕ್ಕೆ ನನ್ನ ಮೇಲೆ ಪ್ರಕರಣ ಹೂಡುವುದಾದರೆ ಅಗತ್ಯ ಹೂಡಿ. ಸಾಕ್ಷ್ಯಕ್ಕೆಂದು ಎರಡೂ ಮ್ಯಾಗ್ನೆಟೋ ಹಾಕಿದ ಎಂಜಿನ್ನನ್ನೇ ತಂದು ಹಾಜರುಪಡಿಸುತ್ತೇನೆ. ಆಗ ಪಂಖ ಎಳೆಯುವ ಸರದಿ ತಮ್ಮದು.

ಇಂತಿ,
ತಮ್ಮ ವರದಿಯಲ್ಲಿ ‘ಸ್ಥಳದಲ್ಲಿದ್ದ ಒಬ್ಬ ಮಹಿಳೆ’ ಎಂದಷ್ಟೇ ನಮೂದಾಗಿರುವ,
ತಾವು ಬಿಚ್ಚದೆ ಬಿಟ್ಟ ನಕ್ಷೆಯನ್ನು ಬರೆದ,
ಶ್ರೀದೇವಿ
ರಾಣೆಬೆನ್ನೂರು, ಜನವರಿ 2008